ಆ ಒಂದು ಸಾಲನ್ನು ಬಿಡಿಸಿ ಬರೆ

ಪ್ರೀತಿಯ ತಮ್ಮಾ,

ನಿನ್ನ ಲೇಖನ ಬಂತು. ಏರೋಸ್ಮಿತ್ ಅನ್ನುವ ಅಮೆರಿಕದ ರಾಕ್ ಬ್ಯಾಂಡಿನ ಮೇಲೆ ಕನ್ನಡದಲ್ಲಿ ಇಪ್ಪತ್ತು ಪುಟ ಬರೆದಿದ್ದೀಯ. ಅದೇ ನನಗೆ ದೊಡ್ಡ ಖುಷಿ. ಎರಡು ಸಲ ಓದಿದೆ. ಎರಡನೇ ಸಲ ಕೈಯಲ್ಲಿ ಪೆನ್ಸಿಲ್ ಇತ್ತು.

ಶುರು ಚೆನ್ನಾಗಿದೆ. ನ್ಯೂ ಹ್ಯಾಂಪ್‌ಶೈರಿನ ಸುನಾಪಿಯಲ್ಲಿ ಹಾಡುಗಾರ ಸ್ಟೀವನ್ ಟೈಲರ್ ಮತ್ತು ಗಿಟಾರಿಸ್ಟ್ ಜೋ ಪೆರ್ರಿ ಪರಿಚಯವಾದದ್ದು, 1970ರಲ್ಲಿ ಎಲ್ಲರೂ ಬಾಸ್ಟನ್ನಿನ ಕಾಮನ್‌ವೆಲ್ತ್ ಅವೆನ್ಯೂದಲ್ಲಿ ಒಂದೇ ಮನೆಯಲ್ಲಿ ಉಳಿದದ್ದು, ಮೊದಲ ಕಾರ್ಯಕ್ರಮ ಮೆಂಡನ್ ಅನ್ನುವ ಸಣ್ಣ ಊರಿನ ಹೈಸ್ಕೂಲಿನಲ್ಲಿ ನಡೆದದ್ದು, ಎಲ್ಲ ಕಣ್ಣಿಗೆ ಕಟ್ಟುತ್ತದೆ. ಅಲ್ಲಿ ಒಂದು ಪದವನ್ನೂ ಮುಟ್ಟಬೇಡ.

'ಡ್ರೀಮ್ ಆನ್' ಹಾಡಿನ ಎರಡು ಅಂಕಿ ಕೊಟ್ಟಿದ್ದೀಯ. 1973ರಲ್ಲಿ ಅದು ಅಮೆರಿಕದ ಪಟ್ಟಿಯಲ್ಲಿ 59ಕ್ಕೆ ಬಂದು ನಿಂತಿತು. 1976ರಲ್ಲಿ ಮತ್ತೆ ಬಿಟ್ಟಾಗ 6ಕ್ಕೆ ಏರಿತು. ಅಂಕಿ ಸರಿ. ಆದರೆ ಆ ಮೂರು ವರ್ಷ ಅವರು ಎಲ್ಲಿದ್ದರು? ಊರೂರು ಸುತ್ತುತ್ತಿದ್ದರು. ಬೇರೆ ಬ್ಯಾಂಡುಗಳಿಗೆ ಮುಂಚೆ ಅರ್ಧ ಗಂಟೆ ನುಡಿಸಿ ಕೆಳಗಿಳಿಯುತ್ತಿದ್ದರು. 1975ರಲ್ಲಿ 'ಟಾಯ್ಸ್ ಇನ್ ದಿ ಆಟಿಕ್' ಆಲ್ಬಮ್ ಬಂದಮೇಲೆ ಜನ ಹಿಂದಕ್ಕೆ ಹೋಗಿ ಹಳೆಯ ಹಾಡನ್ನು ಹುಡುಕಿಕೊಂಡರು. ಇದನ್ನು ನಾಲ್ಕು ಸಾಲಿನಲ್ಲಾದರೂ ಹೇಳು.

ಈಗ ಹದಿಮೂರನೇ ಪುಟಕ್ಕೆ ಬಾ. ಅಲ್ಲಿ ನೀನು ಹೀಗೆ ಬರೆದಿದ್ದೀಯ: 'ನಡುವೆ ಕೆಲವು ವರ್ಷ ಬ್ಯಾಂಡ್ ಏಳುಬೀಳು ಕಂಡಿತು.' ಇಷ್ಟೇ. ಮುಂದಿನ ಪ್ಯಾರಾದಲ್ಲಿ 1987 ಬಂದುಬಿಡುತ್ತದೆ. ನಾನು ಈ ಪತ್ರ ಬರೆಯುತ್ತಿರುವುದೇ ಆ ಸಾಲಿಗಾಗಿ.

ನನಗೂ ಅಂಥ ಒಂದು ಕಾಲ ಇತ್ತು. ಮೂರನೇ ಕಥಾಸಂಕಲನ ಆದಮೇಲೆ ಐದು ವರ್ಷ ಒಂದು ಕಥೆಯೂ ಕೈಗೆ ಹತ್ತಲಿಲ್ಲ. ನನ್ನ ಪರಿಚಯ ಬರೆಯುವವರು ಅದನ್ನು 'ಕೆಲಕಾಲದ ಬಿಡುವಿನ ನಂತರ' ಎಂದು ದಾಟಿಬಿಡುತ್ತಾರೆ. ಬಿಡುವು ಎಲ್ಲಿತ್ತು? ದಿನಾ ಬೆಳಿಗ್ಗೆ ಕೂತು ಬರೆಯುತ್ತಿದ್ದೆ, ಮಧ್ಯಾಹ್ನ ಹರಿದು ಒಲೆಗೆ ಹಾಕುತ್ತಿದ್ದೆ. ನನ್ನ ಬರವಣಿಗೆ ಬಗ್ಗೆ ಯಾರಾದರೂ ಒಂದೇ ಒಂದು ವಿಷಯ ಕೇಳುವುದಾದರೆ ಆ ಐದು ವರ್ಷದ ಬಗ್ಗೆ ಕೇಳಲಿ ಅಂತ ಆಸೆ. ಯಾರೂ ಕೇಳಿಲ್ಲ. ಅದಕ್ಕೇ ನಿನ್ನ ಆ ಸಾಲು ನನಗೆ ಚುಚ್ಚಿತು.

ಆ ಸಾಲಿನೊಳಗೆ ಏನೇನಿದೆ ನೋಡು. 1979ರ ಜುಲೈ 28, ಕ್ಲೀವ್‌ಲ್ಯಾಂಡಿನ ದೊಡ್ಡ ಸ್ಟೇಡಿಯಂ. ವೇದಿಕೆಯ ಹಿಂದೆ ಪೆರ್ರಿಯವರ ಹೆಂಡತಿ, ಬೇಸ್ ಗಿಟಾರ್ ನುಡಿಸುವ ಟಾಮ್ ಹ್ಯಾಮಿಲ್ಟನ್ನರ ಹೆಂಡತಿಯ ಮೇಲೆ ಒಂದು ಲೋಟ ಹಾಲು ಎರಚಿದರು. ಅದು ಟೈಲರ್ ಮತ್ತು ಪೆರ್ರಿ ನಡುವಿನ ಜಗಳಕ್ಕೆ ಬೆಳೆಯಿತು. ಪೆರ್ರಿ ಬ್ಯಾಂಡ್ ಬಿಟ್ಟರು. ಹಾಲು ಬರೀ ನೆಪ. ವರ್ಷಗಟ್ಟಲೆ ಪುರುಸೊತ್ತಿಲ್ಲದ ತಿರುಗಾಟ, ಅದರ ಜೊತೆಗೆ ಡ್ರಗ್ಸ್. ಅವರಿಬ್ಬರಿಗೆ 'ಟಾಕ್ಸಿಕ್ ಟ್ವಿನ್ಸ್', ವಿಷದ ಅವಳಿಗಳು, ಅನ್ನುವ ಹೆಸರೇ ಬಿದ್ದಿತ್ತು. 1981ರಲ್ಲಿ ಇನ್ನೊಬ್ಬ ಗಿಟಾರಿಸ್ಟ್ ಬ್ರ್ಯಾಡ್ ವಿಟ್‌ಫೋರ್ಡ್ ಕೂಡ ಹೊರಟರು. ಟೈಲರ್ ವೇದಿಕೆಯ ಮೇಲೇ ಕುಸಿದು ಬೀಳುವಷ್ಟು ಕೆಟ್ಟ ಸ್ಥಿತಿಗೆ ಇಳಿದಿದ್ದರು.

ಆಗ ಜಾಗ ತುಂಬಿದವರು ಜಿಮ್ಮಿ ಕ್ರೆಸ್ಪೊ ಮತ್ತು ರಿಕ್ ಡುಫೇ. ನಿನ್ನ ಇಪ್ಪತ್ತು ಪುಟದಲ್ಲಿ ಈ ಇಬ್ಬರ ಹೆಸರೇ ಇಲ್ಲ. 1982ರ 'ರಾಕ್ ಇನ್ ಎ ಹಾರ್ಡ್ ಪ್ಲೇಸ್' ಆಲ್ಬಮ್ಮಿನ ಹಾಡುಗಳಲ್ಲಿ ಜಾಸ್ತಿ ಪಾಲು ಟೈಲರ್ ಜೊತೆ ಕೂತು ಕಟ್ಟಿದ್ದು ಕ್ರೆಸ್ಪೊ. ಬೇರೆಯವರ ನೆರಳಿನಲ್ಲಿ ನಿಂತು, ಬೇರೆಯವರು ಕಟ್ಟಿದ ಹಾಡು ನುಡಿಸಿ, ಹಳಬರು ವಾಪಸ್ಸು ಬಂದ ದಿನ ಜಾಗ ಬಿಟ್ಟುಕೊಟ್ಟರು. ಆ ಮನೆಯ ದೀಪ ಆರದಂತೆ ನೋಡಿಕೊಂಡವರು ಅವರು. ಅವರಿಗೆ ಒಂದು ಪುಟ ಕೊಡು. ಜಾಗ ಬೇಕಾದರೆ ಪ್ರಶಸ್ತಿಗಳ ಪಟ್ಟಿ ತೆಗೆದುಹಾಕು.

1984ರಲ್ಲಿ ಪೆರ್ರಿ, ವಿಟ್‌ಫೋರ್ಡ್ ವಾಪಸ್ಸು ಬಂದರು. ನಮ್ಮ ಸಿನಿಮಾಗಳಲ್ಲಿ ಅಣ್ಣತಮ್ಮಂದಿರು ಒಂದಾದರೆ ತೆರೆಯ ಮೇಲೆ ಶುಭಂ ಬರುತ್ತದೆ ಅಲ್ವಾ? ಇಲ್ಲಿ ಬರಲಿಲ್ಲ. ಮರುವರ್ಷದ ಆಲ್ಬಮ್ ಅಂದುಕೊಂಡಷ್ಟು ಹೋಗಲಿಲ್ಲ. ಚಟವೂ ಬಿಟ್ಟಿರಲಿಲ್ಲ. ಒಂದಾದ ಮೇಲೂ ಸೋತ ಈ ಎರಡು ವರ್ಷ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಬೇರೆಯಾದಾಗ ಸೋತರೆ ಒಂದು ಕಾರಣ ಇರುತ್ತದೆ. ಕೂಡಿಕೊಂಡೂ ಸೋತರೆ ಯಾರ ಮುಖ ನೋಡುವುದು?

ಆಮೇಲೆ 1986. ಇದನ್ನು ಬರೆಯುವ ಮುಂಚೆ 1974-75ಕ್ಕೆ ಒಮ್ಮೆ ಹೋಗಿ ಬಾ. 'ವಾಕ್ ದಿಸ್ ವೇ' ಹಾಡಿನ ಗಿಟಾರ್ ತುಣುಕು ಪೆರ್ರಿಗೆ ಹೊಳೆದದ್ದು ಹೊನೊಲುಲುವಿನಲ್ಲಿ, ಕಾರ್ಯಕ್ರಮಕ್ಕೆ ಮುಂಚೆ ಸೌಂಡ್ ಚೆಕ್ ಮಾಡುವಾಗ. ಟೈಲರ್ ಸಾಹಿತ್ಯ ಬರೆದರು. ಬರೆದದ್ದನ್ನು ನ್ಯೂಯಾರ್ಕಿನ ಟ್ಯಾಕ್ಸಿಯಲ್ಲಿ ಮರೆತು ಇಳಿದರು. ಬ್ಯಾಂಡಿನವರು ನಂಬಲಿಲ್ಲ. ಟೈಲರ್ ಸ್ಟುಡಿಯೊದ ಮೆಟ್ಟಿಲ ಹತ್ತಿರ ಕೂತರು. ಕಾಗದ ಇರಲಿಲ್ಲ. ಗೋಡೆಯ ಮೇಲೇ ಮತ್ತೆ ಬರೆದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಕರಡು ಕಳೆದುಕೊಂಡು ಅತ್ತ ಯಾವ ಬರಹಗಾರನಿಗೂ ಈ ಕಥೆ ಬೇಕು. ನಿನ್ನ ಲೇಖನದಲ್ಲಿ ಇದು ಇಲ್ಲ!

ಹನ್ನೊಂದು ವರ್ಷ ಕಳೆಯಿತು. ನ್ಯೂಯಾರ್ಕಿನ ರನ್ ಡಿಎಂಸಿ ಎಂಬ ರ‍್ಯಾಪ್ ತಂಡದ ಹುಡುಗರಿಗೆ ಆ ಹಾಡಿನ ಶುರುವಿನ ಡ್ರಮ್ಸ್ ಮಾತ್ರ ಗೊತ್ತಿತ್ತು. ಆ ತುಣುಕನ್ನೇ ಮತ್ತೆ ಮತ್ತೆ ತಿರುಗಿಸಿ ಅದರ ಮೇಲೆ ರ‍್ಯಾಪ್ ಮಾಡುತ್ತಿದ್ದರು. ಬ್ಯಾಂಡಿನ ಹೆಸರೂ ಗೊತ್ತಿರಲಿಲ್ಲ. ಆಲ್ಬಮ್ಮಿನ ಹೆಸರನ್ನೇ ಬ್ಯಾಂಡಿನ ಹೆಸರು ಅಂದುಕೊಂಡಿದ್ದರು. ನಿರ್ಮಾಪಕ ರಿಕ್ ರೂಬಿನ್, ಪೂರ್ತಿ ಹಾಡನ್ನು ಹಾಡಿ ಅಂದರು. ಆ ಹುಡುಗರಿಗೆ ಮನಸ್ಸಿರಲಿಲ್ಲ. ಟೈಲರ್ ಮತ್ತು ಪೆರ್ರಿ ಸ್ಟುಡಿಯೊಗೆ ಬಂದರು. ತಮ್ಮದೇ ಹಾಡಿಗೆ ಅತಿಥಿಗಳಾಗಿ ಬಂದರು. ಯೋಚಿಸು, ಹತ್ತು ವರ್ಷದ ಹಿಂದೆ ಸ್ಟೇಡಿಯಂ ತುಂಬಿಸಿದವರು. ಮೂಲ ಹಾಡು 10ನೇ ಸ್ಥಾನ ಮುಟ್ಟಿತ್ತು. ಈ ಹೊಸ ರೂಪ 4ಕ್ಕೆ ಹೋಯಿತು. ಅದರ ವಿಡಿಯೊದಲ್ಲಿ ಎರಡು ತಂಡಗಳ ನಡುವೆ ಒಂದು ಗೋಡೆ. ಟೈಲರ್ ಮೈಕ್ ಸ್ಟ್ಯಾಂಡಿನಿಂದ ಅದನ್ನು ಒಡೆಯುತ್ತಾರೆ. ಈ ದೃಶ್ಯದ ಮುಂದೆ ಸ್ವಲ್ಪ ಹೊತ್ತು ನಿಲ್ಲು. ಓಡಬೇಡ.

ಅದೇ ವರ್ಷ ಮ್ಯಾನೇಜರ್ ಮತ್ತು ಜೊತೆಗಾರರು ಟೈಲರ್ ಅವರನ್ನು ಕೂರಿಸಿ ಮಾತಾಡಿ ಚಿಕಿತ್ಸೆಗೆ ಕಳಿಸಿದರು. ಉಳಿದವರೂ ಒಬ್ಬೊಬ್ಬರಾಗಿ ಚಟ ಬಿಟ್ಟರು. 1987ರ 'ಪರ್ಮನೆಂಟ್ ವೆಕೇಶನ್' ಆಲ್ಬಮ್ ಅದಾದ ಮೇಲಿನ ಕೆಲಸ. ನೀನು ಇಲ್ಲಿ ಸಿಟ್ಟಾಗಿದ್ದೀಯ. 'ಹೊರಗಿನವರ ಕೈಯಲ್ಲಿ ಹಾಡು ಬರೆಸಿ ತಮ್ಮತನ ಮಾರಿಕೊಂಡರು' ಎಂದಿದ್ದೀಯ. ಡೆಸ್ಮಂಡ್ ಚೈಲ್ಡ್ ತರಹದವರು ಜೊತೆಗೆ ಕೂತದ್ದು ನಿಜ. 1998ರಲ್ಲಿ ಈ ಬ್ಯಾಂಡಿಗೆ ಮೊದಲ ಸಲ 1ನೇ ಸ್ಥಾನ ತಂದುಕೊಟ್ಟ ಸಿನಿಮಾ ಹಾಡನ್ನು ಪೂರ್ತಿ ಡಯಾನ್ ವಾರನ್ ಬರೆದದ್ದೂ ನಿಜ. ನನಗೂ 1976ರ 'ರಾಕ್ಸ್' ಆಲ್ಬಮ್ಮಿನ ಒರಟೇ ಹೆಚ್ಚು ಇಷ್ಟ. ಆದರೂ 'ಮಾರಿಕೊಂಡರು' ಅನ್ನುವ ಪದ ಬೇಡ. ಬ್ಯಾಂಡ್ ಕಟ್ಟಿ 28 ವರ್ಷವಾದ ಮೇಲೆ ಇನ್ನೊಬ್ಬರ ಹಾಡಿಗೆ ಗಂಟಲು ಕೊಡುವುದು ಸುಲಭದ ಕೆಲಸ ಅಂತ ನನಗೆ ಅನ್ನಿಸುವುದಿಲ್ಲ. ನಿನಗೆ ಒಪ್ಪಿಗೆ ಇಲ್ಲದಿದ್ದರೆ ವಾದ ಮಾಡು. ಬೈಗುಳ ಒಂದು ಪದದಲ್ಲಿ ಮುಗಿಯುತ್ತದೆ. ವಾದಕ್ಕೆ ಒಂದು ಪುಟ ಬೇಕು.

2007ರ ಜೂನ್ 2ರಂದು ಅವರು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿದ್ದರು. ನೀನಾಗ ಚಿಕ್ಕವನು. ನಾನು ಪಿಯುಸಿ ಓದುತ್ತಿದ್ದ ಮಗನ ಜೊತೆ ಹೋಗಿದ್ದೆ. ಟೈಲರ್ ಅವರಿಗೆ 59 ವರ್ಷ. ಪೆರ್ರಿ ಅವರ ಪಕ್ಕಕ್ಕೆ ಬಂದು ಒಂದೇ ಮೈಕಿಗೆ ಬಾಯಿಟ್ಟಾಗ ಮಗ ಕಿರುಚಿದ. ನನಗೆ ಅಳು ಬಂತು. ಕ್ಲೀವ್‌ಲ್ಯಾಂಡಿನ ಹಾಲಿನ ಲೋಟ ನನಗೆ ಗೊತ್ತಿತ್ತು, ಅದಕ್ಕೆ.

ಕೊನೆಯ ಪುಟದಲ್ಲಿ 'ದುರಂತ ಅಂತ್ಯ' ಎಂದಿದ್ದೀಯ. 2023ರ ಸೆಪ್ಟೆಂಬರಿನಲ್ಲಿ ವಿದಾಯದ ಪ್ರವಾಸ ಶುರುವಾದ ಕೆಲವೇ ದಿನಕ್ಕೆ ಟೈಲರ್ ಗಂಟಲಿಗೆ ಪೆಟ್ಟಾಯಿತು. ಧ್ವನಿಪೆಟ್ಟಿಗೆಯೇ ಬಿರುಕುಬಿಟ್ಟಿತ್ತು. 2024ರ ಆಗಸ್ಟ್‌ನಲ್ಲಿ ಇನ್ನು ಪ್ರವಾಸ ಇಲ್ಲ ಎಂದು ತಿಳಿಸಿದರು. ನೋವಿನ ಸಂಗತಿಯೇ. ಆದರೆ 2025ರಲ್ಲಿ ಯಂಗ್‌ಬ್ಲಡ್ ಎಂಬ ಇಂಗ್ಲೆಂಡಿನ ಹುಡುಗನ ಜೊತೆ ಸೇರಿ ಹೊಸ ಹಾಡು ಹೊರತಂದರು. 'ದುರಂತ' ತೆಗೆದುಬಿಡು.

ಆ ಜಾಗದಲ್ಲಿ ಗಿಟಾರಿನ ಕಥೆ ಹಾಕಬಹುದು. ಪೆರ್ರಿ ಬಳಿ 1959ರ ಒಂದು ಲೆಸ್ ಪಾಲ್ ಗಿಟಾರ್ ಇತ್ತು. ಕೈ ಖಾಲಿಯಾದ ದಿನಗಳಲ್ಲಿ ಅದು ಮಾರಿಹೋಯಿತು. ಕೈ ಬದಲಾಯಿಸುತ್ತಾ ಗನ್ಸ್ ಎನ್ ರೋಸಸ್ ಬ್ಯಾಂಡಿನ ಗಿಟಾರಿಸ್ಟ್ ಸ್ಲ್ಯಾಷ್ ಹತ್ತಿರ ಬಂತು. ಪೆರ್ರಿ ಕೇಳಿದರು, ಸ್ಲ್ಯಾಷ್ ಕೊಡಲಿಲ್ಲ. ಸ್ನೇಹ ಕೆಡುತ್ತದೆಂದು ಪೆರ್ರಿ ಕೇಳುವುದನ್ನೇ ನಿಲ್ಲಿಸಿದರು. 2000ದಲ್ಲಿ, ಪೆರ್ರಿಗೆ ಐವತ್ತು ತುಂಬಿದಾಗ, ಸ್ಲ್ಯಾಷ್ ಅದನ್ನೇ ಉಡುಗೊರೆಯಾಗಿ ಕೊಟ್ಟರು.

ಎರಡನೇ ಕರಡು ಯುಗಾದಿಯ ಒಳಗೆ ಕಳಿಸು. ಪುಟದ ಎರಡೂ ಬದಿ ಜಾಗ ಬಿಡು, ನನ್ನ ಪೆನ್ಸಿಲ್ಲಿಗೆ ಬೇಕಾಗುತ್ತದೆ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಪ್ರೀತಿಯಿಂದ,
ನಿನ್ನ ಅಕ್ಕ