ಸ್ಟೋನ್ ಟೌನ್ ನಡಿಗೆಗೆ ಸ್ಥಳೀಯ ಗೈಡ್ ಕೊಡದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಜಾಂಜಿಬಾರ್ ಪ್ಯಾಕೇಜ್‌ನಲ್ಲಿ ಹೇಳಿದಂತೆ ಸ್ಥಳೀಯ ಗೈಡ್ ಕೊಡದಿರುವುದು, ಹಣ ವಾಪಸಾತಿ

ಮಾನ್ಯರೇ,

ಕಳೆದ ತಿಂಗಳು ನಾನು, ನಮ್ಮ ಯಜಮಾನರು ಮತ್ತು ಅತ್ತೆ ನಿಮ್ಮ ಜಾಂಜಿಬಾರ್ ಪ್ಯಾಕೇಜ್‌ನಲ್ಲಿ ಹೋಗಿ ಬಂದೆವು. ಹೋಟೆಲ್, ಊಟ, ಬೀಚ್ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಆ ದ್ವೀಪದ ಹಳೇ ಪಟ್ಟಣವಾದ ಸ್ಟೋನ್ ಟೌನ್‌ನ ನಡಿಗೆಯ ಬಗ್ಗೆ. ನಾವು ಈ ಪ್ಯಾಕೇಜ್ ಆರಿಸಿದ್ದೇ ಅದಕ್ಕಾಗಿ. ಲೈಸೆನ್ಸ್ ಇರುವ ಸ್ಥಳೀಯ ಗೈಡ್ ಜೊತೆ ಮೂರು ಗಂಟೆ ನಡಿಗೆ ಎಂದು ನೀವೇ ಬರೆದುಕೊಟ್ಟಿದ್ದೀರಿ, ಅದಕ್ಕೆ ಬೇರೆ ದುಡ್ಡೂ ತೆಗೆದುಕೊಂಡಿದ್ದೀರಿ.

ಬಂದದ್ದು ಗೈಡ್ ಅಲ್ಲ, ಬೆಂಗಳೂರಿನಿಂದ ನಮ್ಮ ಜೊತೆಗೇ ವಿಮಾನ ಹತ್ತಿದ್ದ ನಿಮ್ಮ ಟೂರ್ ಮ್ಯಾನೇಜರ್. ಗೈಡ್‌ಗೆ ಹಿಂದಿನ ರಾತ್ರಿಯೇ ಬೇಡ ಅಂದುಬಿಟ್ಟೆವು ಎಂದು ಅವರೇ ಹೇಳಿದರು. ಮೊಬೈಲ್ ನೋಡಿಕೊಂಡು ಓದುತ್ತಾ ಹೋದರು. ಹೌಸ್ ಆಫ್ ವಂಡರ್ಸ್ ಒಳಗೆ ಹೋಗೋಣ ಎಂದು ಬಿಸಿಲಲ್ಲಿ ನಡೆಸಿದರು. 1883ರ ಆ ಅರಮನೆಯ ಒಂದು ಭಾಗ 2020ರ ಡಿಸೆಂಬರ್‌ನಲ್ಲೇ ಕುಸಿದಿದೆ, ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ನಿಮ್ಮ ಪಟ್ಟಿಯಲ್ಲಿ ಮಾತ್ರ ಒಳಗಿನ ವೀಕ್ಷಣೆ ಎಂದು ಇನ್ನೂ ಇದೆ.

ನನಗೆ ತುಂಬಾ ಬೇಸರವಾಗಿದ್ದು ಆಂಗ್ಲಿಕನ್ ಚರ್ಚಿನ ಹತ್ತಿರ. ಚರ್ಚ್ ಕಟ್ಟುವ ಮೊದಲು ಆ ಜಾಗದಲ್ಲಿ ಗುಲಾಮರ ಸಂತೆ ಇತ್ತು, 1873ರಲ್ಲಿ ಅದನ್ನು ಮುಚ್ಚುವವರೆಗೆ ಅಲ್ಲಿ ಮನುಷ್ಯರನ್ನು ಮಾರುತ್ತಿದ್ದರು. ಹೊರಗೆ ಹೊಂಡದೊಳಗೆ ಕೊರಳಿಗೆ ಸರಪಳಿ ಬಿಗಿದ ಐದು ಆಕೃತಿಗಳು ನಿಂತಿವೆ. ಅವುಗಳ ಮುಂದೆ ನಿಲ್ಲಿಸಿ, 'ಬೇಗ ಫೋಟೋ ತೆಗೆಸ್ಕೊಳ್ಳಿ, ಲೇಟ್ ಆಗ್ತಿದೆ' ಎಂದರು. ಅಲ್ಲಿಂದ ನೇರ ಮಸಾಲೆ ಅಂಗಡಿಗೆ, ಆಮೇಲೆ ಉಡುಗೊರೆ ಅಂಗಡಿಗೆ. ಅಲ್ಲಿ ಮಾತ್ರ ಯಾವ ಅವಸರವೂ ಇರಲಿಲ್ಲ. ಯಾಕೆ ಎಂದು ಅವರನ್ನೇ ಕೇಳಿ.

ಮರುದಿನ ಹೋಟೆಲ್‌ನವರಿಗೆ ಹೇಳಿ, ಕೈಯಿಂದ ದುಡ್ಡು ಹಾಕಿ, ಅದೇ ಊರಿನ ಗೈಡ್ ಒಬ್ಬರನ್ನು ಗೊತ್ತು ಮಾಡಿಕೊಂಡೆವು. ಅವರ ಕೊರಳಲ್ಲಿ ಲೈಸೆನ್ಸ್ ಕಾರ್ಡ್ ಇತ್ತು. ಮನೆಗಳ ಮುಂದೆ ನಮ್ಮ ಜಗಲಿಯಂಥ ಕಲ್ಲುಕಟ್ಟೆಗಳಿವೆ, ಅಲ್ಲಿ ಕೂತಿದ್ದ ಹಿರಿಯರಿಗೆ 'ಶಿಕಾಮೂ' ಎಂದು ನಮಸ್ಕರಿಸಿಯೇ ಅವರು ಮುಂದೆ ಹೋಗುತ್ತಿದ್ದರು. ಹಾಗಾಗಿ ಒಬ್ಬ ಅಜ್ಜ ನಮ್ಮನ್ನೂ ಕೂರಿಸಿ ಕಾಫಿ ಕೊಡಿಸಿದರು. ಒಂದು ದೊಡ್ಡ ಬಾಗಿಲ ಮುಂದೆ ನಿಂತು, ಅದರ ಚೂಪು ಹಿತ್ತಾಳೆ ಮೊಳೆಗಳ ಮೇಲೆ ಅತ್ತೆಯ ಕೈ ಇಡಿಸಿದರು. ಆನೆ ಗುದ್ದಬಾರದೆಂದು ಭಾರತದಲ್ಲಿ ಕೋಟೆ ಬಾಗಿಲಿಗೆ ಹೊಡೆಯುತ್ತಿದ್ದ ಮೊಳೆ, ಇಲ್ಲಿ ಬರೀ ಅಂದಕ್ಕೆ ಉಳಿದಿದೆ ಎಂದರು. ಚರ್ಚಿನೊಳಗೆ, ಚಾವಟಿ ಏಟಿನ ಕಂಬವಿತ್ತು ಎನ್ನುವ ಜಾಗ ತೋರಿಸಿ ಸುಮ್ಮನೆ ನಿಂತರು. ಅತ್ತೆಗೆ ಕಣ್ಣು ತುಂಬಿತು. ಇದನ್ನೇ ಅಲ್ವಾ ನೀವು ನಮಗೆ ಮಾರಿದ್ದು?

ಆದ್ದರಿಂದ ನಡಿಗೆಗೆ ತೆಗೆದುಕೊಂಡ ಹಣ ಪೂರ್ತಿ ವಾಪಸ್ ಕೊಡಿ. ಮರುದಿನ ನಾವು ಕೊಟ್ಟ ಗೈಡ್ ಶುಲ್ಕವನ್ನೂ ಅದಕ್ಕೆ ಸೇರಿಸಿ ಕೊಡಿ. ಅದರ ರಸೀದಿ ಲಗತ್ತಿಸಿದ್ದೇನೆ. ಕೊನೇ ಗಳಿಗೆಯಲ್ಲಿ ಬೇಡವೆಂದ ಆ ಗೈಡ್‌ಗೆ ಅವರ ದಿನದ ಕೂಲಿ ಸಿಕ್ಕಿದೆಯಾ ಎನ್ನುವುದನ್ನೂ ಬರೆದು ತಿಳಿಸಿ. ಅವರ ಹೆಸರಲ್ಲಿ ನಮ್ಮಿಂದ ದುಡ್ಡು ತೆಗೆದುಕೊಂಡಿದ್ದೀರಿ, ಹಾಗಾಗಿ ಕೇಳುವ ಹಕ್ಕು ನಮಗಿದೆ.

15 ದಿನಗಳೊಳಗೆ ಉತ್ತರ ಬರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ
ಮೈಸೂರು

ಲಗತ್ತು: ಬುಕಿಂಗ್ ಪ್ರತಿ, ಕಾರ್ಯಕ್ರಮ ಪಟ್ಟಿ, ಗೈಡ್ ಶುಲ್ಕದ ರಸೀದಿ