ಹಣಿಗೆ, ತೆನೆ, ಕೋಟೆ

ನಮಸ್ಕಾರ. ಈ ಸಲದ ಸಂಪಾದಕೀಯ ಇಳಕಲ್ಲಿನ ನಮ್ಮ ಚಿಗವ್ವನ ಕಟ್ಟೆಯ ಮೇಲೆ ಕೂತು ಶುರು ಮಾಡಿದ್ದು. ಅರ್ಧ ಅಲ್ಲೇ ಬರೆದೆ. ಉಳಿದದ್ದು ಇಲ್ಲಿಗೆ ಬಂದ ಮೇಲೆ, ನಿದ್ದೆ ಬಾರದ ರಾತ್ರಿಗಳಲ್ಲಿ.

ಹೊಟ್ಟೆಪಾಡಿಗೆ ನಾನು ಡಿಸೈನ್ ತಂಡವೊಂದರಲ್ಲಿ ಕೆಲಸ ಮಾಡುತ್ತೇನೆ. ಬಸ್ಸು, ರೈಲಿನ ಟಿಕೆಟ್ ತೆಗೆಯುವ ಆ್ಯಪ್‌ಗೆ ಪರದೆಗಳನ್ನು ಮಾಡಿಕೊಡುವುದು ನಮ್ಮ ಕೆಲಸ. ಒಂಬತ್ತು ಜನ ಇದ್ದೇವೆ. ಪ್ರತಿ ಡಿಸೆಂಬರ್‌ನಲ್ಲೂ ನಮ್ಮ ಮುಖ್ಯಸ್ಥೆ ಒಂದು ಹಾಳೆ ಕಳಿಸುತ್ತಾರೆ. ಈ ವರ್ಷ ನಿಮಗೆ ಸ್ಫೂರ್ತಿ ಕೊಟ್ಟ ಒಂದು ಪುಸ್ತಕ, ಒಂದು ಪಾಡ್‌ಕಾಸ್ಟ್, ಒಂದು ಹಾಡು, ಒಂದು ಕೋರ್ಸ್ ಬರೆಯಿರಿ ಅಂತ. ಏಳು ವರ್ಷದಿಂದ ತುಂಬಿ ಕೊಡುತ್ತಿದ್ದೇನೆ. ನಿಜ ಹೇಳಬೇಕು ಅಂದರೆ ಅದರಲ್ಲಿ ಅರ್ಧ ಸುಳ್ಳು. ಮೂವತ್ತು ಪುಟಕ್ಕೆ ನಿಂತ ಪುಸ್ತಕ, ಎರಡನೇ ವಾರಕ್ಕೆ ಬಿಟ್ಟ ಕೋರ್ಸ್. ನೀವೂ ಹೀಗೆ ಮಾಡಿರುತ್ತೀರಿ ಬಿಡಿ.

ಈ ಸಲ ರಜೆಯಲ್ಲಿ ಊರಿಗೆ ಹೋಗಿದ್ದೆ. ಹಾಳೆ ಫೋನಿಗೆ ಬಂತು. ಉಳಿದ ಎಂಟು ಜನ ಆಗಲೇ ತುಂಬಿದ್ದರು.

ಡಾನ್ ನಾರ್ಮನ್ ಪುಸ್ತಕ ಇತ್ತು, ಅದು ಪ್ರತಿ ವರ್ಷ ಇದ್ದೇ ಇರುತ್ತದೆ. 1988ರ ಪುಸ್ತಕ. ತಳ್ಳಬೇಕೋ ಎಳೆಯಬೇಕೋ ಗೊತ್ತಾಗದ ಬಾಗಿಲ ಮುಂದೆ ನೀವು ಪೆಚ್ಚಾಗಿ ನಿಂತರೆ ತಪ್ಪು ನಿಮ್ಮದಲ್ಲ, ಬಾಗಿಲು ಮಾಡಿದವರದು ಅನ್ನುತ್ತಾರೆ ಅವರು. ಡಿಸೈನ್ ಗೊತ್ತಿಲ್ಲದವರೂ ಓದಬಹುದು. ಜೋಸೆಫ್ ಆಲ್ಬರ್ಸ್ ಬಣ್ಣದ ಬಗ್ಗೆ ಬರೆದ 1963ರ ಪುಸ್ತಕವೂ ಇತ್ತು. ಒಂದೇ ಬಣ್ಣ ಪಕ್ಕದ ಬಣ್ಣ ಬದಲಾದರೆ ಬೇರೆಯದೇ ಆಗಿ ಕಾಣುತ್ತದೆ ಅನ್ನುವುದನ್ನು ಬಣ್ಣದ ಕಾಗದ ಇಟ್ಟು ತೋರಿಸುತ್ತಾರೆ. ನಮ್ಮಲ್ಲಿ ಸೀರೆ ಅಂಗಡಿಯಲ್ಲಿ ಜಂಪರ್ ಬಟ್ಟೆ ಹೊಂದಿಸಿ ನೋಡುವ ಹೆಂಗಸರಿಗೆ ಇದು ಹೊಸ ಸುದ್ದಿಯೇನಲ್ಲ. ಪಾಡ್‌ಕಾಸ್ಟ್ ಕಾಲಂನಲ್ಲಿ ಮೂರು ಜನ ಒಂದೇ ಹೆಸರು ಬರೆದಿದ್ದರು, 2010ರಿಂದ ನಡೆಯುತ್ತಿರುವ 99 ಪರ್ಸೆಂಟ್ ಇನ್‌ವಿಸಿಬಲ್. ಚೆನ್ನಾಗಿದೆ, ನಾನೂ ಕೇಳುತ್ತೇನೆ. ಕೋರ್ಸ್‌ಗಳ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಎಲ್ಲವೂ ಪರದೆ ಮಾಡುವುದನ್ನು ಕಲಿಸುವ ಕೋರ್ಸ್‌ಗಳೇ.

ಕಟ್ಟೆಯ ಮೇಲೆ ಕೂತು ಪಟ್ಟಿಯನ್ನು ಎರಡು ಸಲ ಓದಿದೆ. ಏನೋ ಒಂದು ಕಸಿವಿಸಿ. ಎಲ್ಲವೂ ಡಿಸೈನ್ ಬಗ್ಗೆಯೇ ಇತ್ತು. ಅಡುಗೆಯವರು ಬರೀ ಅಡುಗೆ ಪುಸ್ತಕ ಓದಿದ ಹಾಗೆ.

ಒಳಗೆ ಕಾಕಾ ಕುಣಿಮಗ್ಗದಲ್ಲಿ ನೇಯುತ್ತಿದ್ದರು. ಚಿಗವ್ವ ರಾಟಿ ಮುಂದೆ ಕೂತು ಕಂಡಿಕಿ, ಅಂದರೆ ಲಾಳಿಯೊಳಗೆ ಇಡುವ ನೂಲಿನ ಸುರುಳಿ, ಸುತ್ತುತ್ತಿದ್ದಳು. ಪಕ್ಕದಲ್ಲಿ ಫೋನು. ಅದರಲ್ಲಿ ವಿಜಯಪುರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಶ್ರೀಗಳ ಪ್ರವಚನ. ಶ್ರೀಗಳು 2023ರ ಜನವರಿ 2ರಂದು ಹೋದರು. ಧ್ವನಿ ಮಾತ್ರ ಈ ಕಡೆಯ ಮನೆಗಳಲ್ಲಿ ಹಾಗೇ ಇದೆ. ಆ ಮೆಲುದನಿಗೂ ಲಾಳಿಯ ಲಟಕ್ ಪಟಕ್‌ಗೂ ಹೇಗೆ ಹೊಂದುತ್ತದೋ ನನಗೆ ಗೊತ್ತಿಲ್ಲ. ಚಿಗವ್ವನಿಗೆ ಎರಡೂ ಕೇಳುತ್ತವೆ.

ಸೆರಗಿನ ಕೊನೆಯಲ್ಲಿದ್ದ ಹಲ್ಲು ಹಲ್ಲಿನ ನಮೂನೆ ತೋರಿಸಿ, ಇದಕ್ಕೆ ಏನಂತಾರೆ ಅಂತ ಕೇಳಿದೆ.

"ಹಣಗಿ," ಅಂದಳು ಚಿಗವ್ವ. "ತಲಿ ಬಾಚೂದಿಲ್ಲೇನು, ಅದು."

"ಇದು?"

"ತೆನಿ. ಜ್ವಾಳದ ತೆನಿ. ನೋಡಿದ್ರ ಗೊತ್ತಾಗೂದಿಲ್ಲೇನವಾ? ಅಲ್ಲಿ ಹೋಗಿ ಜ್ವಾಳ ಮರ್ತಿ ಏನು?"

ಇಳಕಲ್ ಸೀರೆಯ ಸೆರಗಿನಲ್ಲಿ ಹಣಿಗೆ ಇದೆ, ಜೋಳದ ತೆನೆ ಇದೆ, ಕೋಟೆಯ ಗೋಡೆ ಇದೆ, ಬೆಟ್ಟದ ಸಾಲಿದೆ. ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ. ಹೆಸರು ಕೇಳಿರಲಿಲ್ಲ. ಈ ನಮೂನೆಗಳನ್ನು ಮೊದಲು ನೇಯ್ದವರು ಬೇರೆ ಸೀರೆ ನೋಡಿ ನೇಯಲಿಲ್ಲ. ಬಾಗಿಲು ತೆಗೆದರೆ ಕಾಣುತ್ತಿದ್ದುದನ್ನು ನೇಯ್ದರು. ಅದೇ ಸೀರೆಯ ಮೇಲೆ ಹಾಕುವ ಕಸೂತಿಯಲ್ಲೂ ತೇರು, ತೊಟ್ಟಿಲು, ತುಳಸಿ ಕಟ್ಟೆ, ಆನೆ. ಹೊಲಿಗೆಗಳ ಹೆಸರೂ ಹಾಗೆಯೇ. ಮೆಂತೆಕಾಳಿನಂತೆ ಕಂಡರೆ ಮೆಂತಿ. ನೇಯ್ದ ಹಾಗೆ ಕಂಡರೆ ನೇಯ್ಗಿ. ಗಾವಂತಿಯಲ್ಲಿ ಗಂಟು ಅನ್ನುವ ಮಾತಿದೆ, ಆದರೆ ಬಟ್ಟೆಯಲ್ಲಿ ಗಂಟು ಕಾಣಿಸಬಾರದು. ಹಿಂದೆ ತಿರುಗಿಸಿದರೂ ಮುಂದಿನಂತೆಯೇ ಕಾಣಬೇಕು. ಬಟ್ಟೆಯ ಮೇಲೆ ಮೊದಲು ಬರೆದುಕೊಳ್ಳುವಂತಿಲ್ಲ, ಎಳೆ ಎಣಿಸಿ ಎಣಿಸಿಯೇ ಹಾಕಬೇಕು. ನಮ್ಮ ತಂಡದವರಿಗೆ ಇಷ್ಟು ಕಟ್ಟುನಿಟ್ಟು ಮಾಡಿದರೆ ಸೋಮವಾರವೇ ರಾಜೀನಾಮೆ ಬರುತ್ತದೆ.

ಇಳಕಲ್ ನೇಯ್ಗೆಯ ದೊಡ್ಡ ಕಷ್ಟ ಕೊಂಡಿಯಲ್ಲಿದೆ. ಹಾಸು ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡುವ ಎಳೆಗಳು. ಸೆರಗಿನ ಹಾಸು ಬೇರೆ, ಒಡಲಿನ ಹಾಸು ಬೇರೆ. ಎರಡನ್ನೂ ಕುಣಿಕೆಗೆ ಕುಣಿಕೆ ಹಾಕಿ, ಎಳೆ ಎಳೆಯಾಗಿ ಕೂಡಿಸಬೇಕು. ಹೀಗಾಗಿ ಹತ್ತು ಸೀರೆಗೆ ಆಗುವಷ್ಟು ಉದ್ದದ ಹಾಸು ಹೂಡಿ ನೇಯುತ್ತಾ ಹೋಗಲು ಬರುವುದಿಲ್ಲ. ಆರು ಗಜವೋ, ಎಂಟು ಗಜವೋ, ಒಂಬತ್ತು ಗಜವೋ, ಒಂದು ಸೀರೆಗೆ ಒಂದು ಹಾಸು. ಮುಗಿದರೆ ಮತ್ತೆ ಮೊದಲಿಂದ. ಕಾಕಾ ಇದನ್ನು ಹೊಗಳಿಕೊಳ್ಳಲಿಲ್ಲ. "ಬೆನ್ನು ಹೋಗತೈತಿ," ಅಂದರು ಅಷ್ಟೆ. ಅವರ ಮಗ ಮಗ್ಗಕ್ಕೆ ಕೂರುವುದಿಲ್ಲ. ಬಾಗಲಕೋಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಅವನನ್ನು ಬೈಯಲು ನನಗೆ ಬಾಯಿಲ್ಲ, ನಾನೇ ಎಲ್ಲಿಗೋ ಬಂದು ಕೂತಿದ್ದೇನೆ.

ಮರುದಿನ ಅವನೇ ಬಂದು ಕಾರಿನಲ್ಲಿ ವಿಜಯಪುರಕ್ಕೆ ಕರೆದುಕೊಂಡು ಹೋದ. ಎಲ್ಲರೂ ಗೋಳಗುಮ್ಮಟಕ್ಕೆ ಓಡುತ್ತಾರೆ. ಪಿಸುಗುಟ್ಟಿದರೂ ಆಚೆ ಬದಿಗೆ ಕೇಳಬೇಕು ಅಲ್ವಾ, ಆದರೆ ಶಾಲೆಯ ಪ್ರವಾಸದ ಮಕ್ಕಳು ಕಿರುಚಿ ಕಿರುಚಿ ಕಿವಿ ಹಾರಿಸಿದರು. ನನಗೆ ಇಷ್ಟವಾಗುವುದು ಇಬ್ರಾಹಿಂ ರೋಜಾ. ಅಲ್ಲಿ ಕಲ್ಲಿನ ಕಿಟಕಿಗಳೇ ಅಕ್ಷರಗಳು. ಅರಬ್ಬಿ ಬರಹವನ್ನೇ ಜಾಲರಿಯಾಗಿ ಕೊರೆದಿದ್ದಾರೆ, ಅದರ ಸಂದಿಯಿಂದ ಬೆಳಕು ಒಳಗೆ ಬರುತ್ತದೆ. ಅದು ಈ ಊರನ್ನು ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾನ ಗೋರಿ. ಅವನು 1627ರಲ್ಲಿ ತೀರಿಕೊಂಡ. ಅವನಿಗೆ ಹಾಡಿನ ಹುಚ್ಚು. ದಖನಿಯಲ್ಲಿ ಹಾಡು ಬರೆದು ಕಿತಾಬೆ ನೌರಸ್ ಅಂತ ಪುಸ್ತಕ ಮಾಡಿದ, ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ನೆನೆದ. ಒಂಬತ್ತು ರಸ ಅನ್ನುವ ಆ ಹೆಸರು ಅವನಿಗೆ ಎಷ್ಟು ಹಿಡಿಸಿತ್ತು ಅಂದರೆ ಊರಾಚೆ ಕಟ್ಟಿಸಿದ ಹೊಸ ಪಟ್ಟಣಕ್ಕೂ ನೌರಸಪುರ ಅಂತಲೇ ಹೆಸರಿಟ್ಟ. ಇಂದಿನ ಬ್ರ್ಯಾಂಡಿಂಗ್ ಕಂಪನಿಗಳು ಇಷ್ಟಕ್ಕೇ ಎಷ್ಟು ಬಿಲ್ ಮಾಡುತ್ತವೆ ಅಂತ ನನಗೆ ಗೊತ್ತು.

ವಾಪಸು ಬರುತ್ತಾ, ಕೃಷ್ಣೆ ದಾಟುವಾಗ, ಫೋನಿನಲ್ಲೇ ಹಾಳೆ ತುಂಬಿದೆ. ಪುಸ್ತಕದ ಕಡೆ ಹಲಸಂಗಿ ಗೆಳೆಯರು ಹಳ್ಳಿ ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡು 1931ರಲ್ಲಿ ತಂದ ಗರತಿಯ ಹಾಡು. ಬೀಸುಕಲ್ಲು ತಿರುಗುವ ಲಯಕ್ಕೆ ಕೂತ ತ್ರಿಪದಿಗಳು. ಮೂರೇ ಸಾಲು, ಅಷ್ಟರಲ್ಲಿ ತವರು, ಗಂಡ, ಮಗು ಎಲ್ಲ ಮುಗಿಯಬೇಕು. ಸಣ್ಣ ಪರದೆಗೆ ಮಾತು ಬರೆಯುವವರು ಕಲಿಯಬೇಕಾದ್ದು ಅದರಲ್ಲಿದೆ. ಹಾಡಿನ ಕಡೆ ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರ ಹೆಸರು. ಕೋರ್ಸ್ ಕಡೆ ಬರೆದದ್ದು ಕೋರ್ಸ್ ಅಲ್ಲ, 1958ರಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ಭಾರತ ಸರ್ಕಾರಕ್ಕೆ ಕೊಟ್ಟ ಒಂದು ಸಣ್ಣ ವರದಿ. ದೇಶ ಸುತ್ತಿ ನೋಡಿದ ಆ ಅಮೆರಿಕನ್ ದಂಪತಿಗೆ ಎಲ್ಲಕ್ಕಿಂತ ಚೆಂದ ಕಂಡದ್ದು ಅರಮನೆಯಲ್ಲ, ತಂಬಿಗೆ. ಮೂರು ವರ್ಷದ ಮೇಲೆ, 1961ರಲ್ಲಿ, ಅಹಮದಾಬಾದಿನ ಡಿಸೈನ್ ಸಂಸ್ಥೆ ಶುರುವಾಗಲು ಆ ವರದಿ ಕಾರಣ. ಓದಿ, ಒಂದು ಸಂಜೆ ಸಾಕು.

ಪಾಡ್‌ಕಾಸ್ಟ್ ಕಾಲಂ ಖಾಲಿ ಬಿಟ್ಟೆ. ಪ್ರವಚನವನ್ನು ಅನುವಾದ ಮಾಡಿ ಹೇಳುವ ಧೈರ್ಯ ಬರಲಿಲ್ಲ.

ಇಲ್ಲಿಗೆ ಬಂದ ಮೇಲೆ ಹುಮ್ಮಸ್ಸಿನಲ್ಲಿ ಒಂದು ಕೆಲಸ ಮಾಡಿದೆ. ನಮ್ಮ ಆ್ಯಪ್‌ನ ಭಾಗಗಳಿಗೆಲ್ಲ ನಂಬರ್ ಹಾಕಿದ ಒಣ ಹೆಸರುಗಳಿವೆ. ಸಾಲಾಗಿ ನಿಲ್ಲುವ ಕಡ್ಡಿಗಳ ಒಂದು ಭಾಗಕ್ಕೆ ಹಣಿಗೆ ಅಂತ ಹೆಸರಿಡೋಣ ಅಂದೆ. ಎಲ್ಲರೂ ಖುಷಿಯಾಗಿ ಒಪ್ಪಿದರು. ಒಬ್ಬರ ಬಾಯಿಗೂ ಣ ಬರಲಿಲ್ಲ. ಎರಡೇ ವಾರಕ್ಕೆ ಅದು ಇಂಗ್ಲಿಷಿನ ಹನಿ ಆಯಿತು. ಈಗ ಎಲ್ಲರೂ ಅದನ್ನು ಜೇನು ಅಂತಲೇ ತಿಳಿದಿದ್ದಾರೆ, ಯಾರೋ ಪಕ್ಕದಲ್ಲಿ ಒಂದು ಜೇನುಹುಳದ ಚಿತ್ರವನ್ನೂ ಹಾಕಿದ್ದಾರೆ.

ಈ ಕಥೆಯನ್ನು ಚಿಗವ್ವನಿಗೆ ಫೋನಿನಲ್ಲಿ ಹೇಳಿದೆ. ಮತ್ತೆ ನೀವು ಉಳಿದದ್ದಕ್ಕೆಲ್ಲ ಏನಂತೀರಿ ಅಂತ ಕೇಳಿದಳು. ಬಟನ್, ವಿಂಡೋ, ಡೆಸ್ಕ್‌ಟಾಪ್ ಅಂತೆಲ್ಲ ಹೇಳಿದೆ.

"ಬಟನ್ ಅಂದ್ರ ಅಂಗಿ ಗುಂಡಿ ಅಲ್ಲೇನು? ವಿಂಡೋ ಅಂದ್ರ ಕಿಡಕಿ," ಅಂದಳು. "ಅವರೂ ಮನಿಯಾಗಿಂದ ತೊಗೊಂಡಾರ ತೊಗೋ."

ಹದಿನೈದು ವರ್ಷದಿಂದ ದಿನಕ್ಕೆ ನೂರು ಸಲ ಅನ್ನುವ ಮಾತು. ನನಗೆ ಹೊಳೆದಿರಲಿಲ್ಲ.

ಈಗ ಸಂಪಾದಕಿಯ ಕೆಲಸಕ್ಕೆ ಬರುತ್ತೇನೆ. ಯುಗಾದಿ ಸಂಚಿಕೆಗೆ ನಿಮ್ಮಿಂದಲೂ ಇಂಥದೊಂದು ಪಟ್ಟಿ ಬೇಕು. ಪುಸ್ತಕ, ಹಾಡು, ಕೇಳಿದ್ದು, ಕಲಿತದ್ದು, ಯಾವುದಾದರೂ ಸರಿ. ಒಂದೇ ಷರತ್ತು, ಅದು ನಿಮ್ಮ ಕೆಲಸದ ಬಗ್ಗೆ ಇರಬಾರದು. ಡಾಕ್ಟರು ಔಷಧದ ಪುಸ್ತಕ ಬರೆಯಬೇಡಿ, ಸಾಫ್ಟ್‌ವೇರ್‌ನವರು ಕೋಡಿಂಗ್ ಕೋರ್ಸ್ ಬರೆಯಬೇಡಿ. ಎರಡು ಸಾಲು ಸಾಕು, ಫೋಟೋ ಇದ್ದರೆ ಒಳ್ಳೆಯದು.

ಮೊದಲ ಉತ್ತರ ಬಂದಾಗಿದೆ. ಚಿಗವ್ವನದು. ಅಪ್ಪಗೋಳ ಪ್ರವಚನ, ಆಮೇಲೆ ಹಿತ್ತಲಿನ ನುಗ್ಗೆ ಗಿಡ. ಎರಡನೆಯದು ಯಾಕೆ ಅಂತ ಕೇಳುವುದರೊಳಗೆ ಕಾಕಾ ಒಳಗಿಂದ ಕಂಡಿಕಿ ಕೂಗಿದರು, ಫೋನ್ ಇಟ್ಟಳು.