ಜೂಜಿನ ಕಾಯ್ದೆ: ಪಕ್ಷಗಳ ಜಗಳ ಒಂದು ಕಡೆ, ಹಣ ಹರಿಯುವುದು ಇನ್ನೊಂದು ಕಡೆ

ಮಾನ್ಯ ಸಂಪಾದಕರೇ,

ಆನ್‌ಲೈನ್ ಜೂಜನ್ನು ಪೂರ್ತಿ ನಿಷೇಧಿಸಬೇಕೋ, ಲೈಸೆನ್ಸ್ ಕೊಟ್ಟು ತೆರಿಗೆ ಹಾಕಿ ನಡೆಯಲು ಬಿಡಬೇಕೋ ಎಂಬ ಪ್ರಶ್ನೆ ಬಂದಾಗಲೆಲ್ಲ, ಬಿಜೆಪಿ ನಿಷೇಧದ ಪರ, ಕಾಂಗ್ರೆಸ್ ನಿಯಂತ್ರಣದ ಪರ ಎಂದು ಎರಡೇ ಮಾತಿನಲ್ಲಿ ಮುಗಿಸಿಬಿಡುವುದು ರೂಢಿಯಾಗಿದೆ. ಕಳೆದ ಕೆಲವು ವರ್ಷಗಳ ಮಸೂದೆಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಈ ಮಾತು ನಿಲ್ಲುವುದಿಲ್ಲ. ಯಾವ ದೊಡ್ಡ ಪಕ್ಷವೂ ಒಂದೇ ನಿಲುವಿನಲ್ಲಿ ಉಳಿದಿಲ್ಲ.

ನಮ್ಮ ರಾಜ್ಯದಿಂದಲೇ ನೋಡೋಣ. ಬಸವರಾಜ ಬೊಮ್ಮಾಯಿ ನೇತೃತ್ವದ ಬಿಜೆಪಿ ಸರ್ಕಾರ ತಂದ ಕರ್ನಾಟಕ ಪೊಲೀಸ್ (ತಿದ್ದುಪಡಿ) ಕಾಯ್ದೆ 2021ರ ಅಕ್ಟೋಬರ್ 5ರಂದು ಜಾರಿಗೆ ಬಂತು. ಹಣ ಕಟ್ಟಿ ಆಡುವ ಆಟ ಕೌಶಲದ್ದಾದರೂ ಸರಿ, ಅದೃಷ್ಟದ್ದಾದರೂ ಸರಿ, ಅಪರಾಧವೇ ಎಂದಿತು. 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಎಂದಿತು. ಲಾಟರಿಯನ್ನೂ ಕುದುರೆ ರೇಸನ್ನೂ ಮಾತ್ರ ಹೊರಗಿಟ್ಟಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಕಲಮುಗಳನ್ನು ರದ್ದು ಮಾಡಿತು. ಅದೇ ಬಿಜೆಪಿ ಕೇಂದ್ರದಲ್ಲಿ 2023ರ ಏಪ್ರಿಲ್ 6ರಂದು ಐ.ಟಿ. ನಿಯಮಗಳಿಗೆ ತಿದ್ದುಪಡಿ ತಂದು, ಸ್ವಯಂ ನಿಯಂತ್ರಣ ಸಂಸ್ಥೆಗಳು ಪರಿಶೀಲಿಸಿ ಒಪ್ಪಿದ ಹಣದ ಆಟಗಳಿಗೆ ಅವಕಾಶ ಎಂದಿತು. ಆ ಸಂಸ್ಥೆಗಳು ಹುಟ್ಟಲೇ ಇಲ್ಲ. 2025ರ ಆಗಸ್ಟ್ 20ರಂದು ಲೋಕಸಭೆ, 21ರಂದು ರಾಜ್ಯಸಭೆ, 22ರಂದು ರಾಷ್ಟ್ರಪತಿಗಳ ಅಂಕಿತ: ಮೂರೇ ದಿನಗಳಲ್ಲಿ ಪೂರ್ಣ ನಿಷೇಧದ ಕಾಯ್ದೆ ಬಂತು. ಬಿಹಾರದ ಮತದಾರರ ಪಟ್ಟಿಯ ಗದ್ದಲದ ನಡುವೆ ಚರ್ಚೆ ಎಂಬುದು ನಡೆಯಲೇ ಇಲ್ಲ. ಇದಕ್ಕೂ ಮೊದಲು, 2021ರ ಡಿಸೆಂಬರ್‌ನಲ್ಲಿ, ಅದೇ ರಾಜ್ಯಸಭೆಯಲ್ಲಿ ಬಿಜೆಪಿಯ ಸುಶೀಲ್ ಕುಮಾರ್ ಮೋದಿ ಅವರು ಕೇಳಿದ್ದು ನಿಯಂತ್ರಣದ ಚೌಕಟ್ಟನ್ನು.

ಕಾಂಗ್ರೆಸ್ಸಿನ ಕಡೆಯೂ ಇದೇ ಕಥೆ. ಶಶಿ ತರೂರ್ 2018ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆ ಆನ್‌ಲೈನ್ ಆಟಗಳಿಗೆ ಲೈಸೆನ್ಸ್ ಕೊಡುವ ಪರವಾಗಿತ್ತು. 2022ರಲ್ಲಿ ರಾಜಸ್ಥಾನದ ಕಾಂಗ್ರೆಸ್ ಸರ್ಕಾರ ನಿಯಂತ್ರಣದ ಕರಡು ಹೊರಡಿಸಿತು. ಅದೇ ಹೊತ್ತಿಗೆ ಛತ್ತೀಸ್‌ಗಢದ ಕಾಂಗ್ರೆಸ್ ಸರ್ಕಾರ ಕಠಿಣ ನಿಷೇಧ ಕಾಯ್ದೆ ತಂದಿತು. 2025ರ ಕೇಂದ್ರ ಕಾಯ್ದೆ ಬಂದಾಗ ನಮ್ಮ ಐ.ಟಿ. ಸಚಿವ ಪ್ರಿಯಾಂಕ್ ಖರ್ಗೆ ಅವರು, ಇದರಿಂದ ರಾಜ್ಯಗಳ ಆದಾಯಕ್ಕೂ ಸ್ಟಾರ್ಟಪ್‌ಗಳಿಗೂ ಉದ್ಯೋಗಗಳಿಗೂ ಪೆಟ್ಟು, ಆಟಗಾರರು ವಿದೇಶಿ ಜಾಲತಾಣಗಳತ್ತ ಹೋಗುತ್ತಾರೆ ಎಂದು ಬಹಿರಂಗವಾಗಿ ಟೀಕಿಸಿದರು. ಸಂಸದ ಕಾರ್ತಿ ಚಿದಂಬರಂ ಅವರೂ ಮಸೂದೆಯನ್ನು ಆಯ್ಕೆ ಸಮಿತಿಗೆ ಕಳುಹಿಸಬೇಕಿತ್ತು ಎಂದರು. ಇತ್ತ ತಮಿಳುನಾಡಿನಲ್ಲಿ ಎಣ್ಣೆ ಸೀಗೆಕಾಯಿ ಎನ್ನುವಂಥ ಅಣ್ಣಾಡಿಎಂಕೆ ಮತ್ತು ಡಿಎಂಕೆ ಈ ಒಂದು ವಿಷಯದಲ್ಲಿ ಮಾತ್ರ ಒಂದೇ ದಾರಿ ಹಿಡಿದವು: ಮೊದಲನೆಯದರ ಕಾಯ್ದೆಯನ್ನು 2021ರ ಆಗಸ್ಟ್‌ನಲ್ಲಿ ಮದ್ರಾಸ್ ಹೈಕೋರ್ಟ್ ರದ್ದು ಮಾಡಿತು; ಎರಡನೆಯದು ತಂದ ಮಸೂದೆಯನ್ನು ರಾಜ್ಯಪಾಲರು ಹಿಂದಿರುಗಿಸಿದಾಗ ವಿಧಾನಸಭೆ ಮತ್ತೆ ಅಂಗೀಕರಿಸಿತು.

ಹಾಗಾದರೆ ನಿಲುವು ಹುಟ್ಟುವುದು ಎಲ್ಲಿ? ಬೊಕ್ಕಸ ಎಲ್ಲಿದೆಯೋ ಅಲ್ಲಿ ಎಂಬುದು ನನ್ನ ಅಭಿಪ್ರಾಯ. 2023ರ ಆಗಸ್ಟ್ 2ರ ಜಿಎಸ್‌ಟಿ ಮಂಡಳಿ ಸಭೆಯೇ ಇದಕ್ಕೆ ಸಾಕ್ಷಿ. ಕಟ್ಟಿದ ಪೂರ್ತಿ ಹಣದ ಮೇಲೆ ಶೇ 28 ತೆರಿಗೆ ಎಂದಾಗ ಅಪಸ್ವರ ತೆಗೆದವರು ಮೂವರು: ಎಎಪಿಯ ದೆಹಲಿ, ಬಿಜೆಪಿಯ ಗೋವಾ, ಪ್ರಾದೇಶಿಕ ಪಕ್ಷದ ಸಿಕ್ಕಿಂ. ಗೋವಾ, ಸಿಕ್ಕಿಂ ಎರಡರಲ್ಲೂ ಕ್ಯಾಸಿನೊಗಳಿವೆ. ಪೂರ್ತಿ ಹಣದ ಮೇಲೆ ಬೇಡ, ಕಂಪನಿಗೆ ಉಳಿಯುವ ಪಾಲಿನ ಮೇಲೆ ಮಾತ್ರ ಹಾಕಿ ಎಂಬುದು ಈ ಎರಡರ ವಾದ.

ಆ ಲೆಕ್ಕವನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಇಡೀ ವಾದದ ಗಂಟು ಅಲ್ಲಿದೆ. ಆಟಗಾರ 100 ರೂಪಾಯಿ ಕಟ್ಟಿ, ಕಂಪನಿ 10 ರೂಪಾಯಿ ತನ್ನ ಪಾಲಿಗೆ ಹಿಡಿದುಕೊಂಡಿತು ಎನ್ನಿ. ಹಳೆಯ ಪದ್ಧತಿಯಲ್ಲಿ ಆ 10ರ ಮೇಲೆ ಶೇ 18, ಅಂದರೆ 1 ರೂಪಾಯಿ 80 ಪೈಸೆ ತೆರಿಗೆ. 2023ರ ಅಕ್ಟೋಬರ್ 1ರ ನಂತರ ಕಟ್ಟಿದ ಹಣಕ್ಕೇ ತೆರಿಗೆ: ತೆರಿಗೆ ಸೇರಿ 100 ಎಂದು ಹಿಡಿದರೆ 21 ರೂಪಾಯಿ 88 ಪೈಸೆ. 2025ರ ಸೆಪ್ಟೆಂಬರ್ 22ರಿಂದ ದರ ಶೇ 40 ಆಗಿ, ಅದೇ 100ರಲ್ಲಿ 28 ರೂಪಾಯಿ 57 ಪೈಸೆ. ವಿದೇಶದಲ್ಲಿ ಕೂತು ತೆರಿಗೆಯನ್ನೇ ಕಟ್ಟದ ಜಾಲತಾಣ ಪೂರ್ತಿ 100 ರೂಪಾಯಿಗೂ ಆಡಲು ಬಿಡುತ್ತದೆ. ಆಟಗಾರ ಎತ್ತ ಹೋಗುತ್ತಾನೆ ಎಂದು ಬೇರೆ ಹೇಳಬೇಕಿಲ್ಲ. ತೆರಿಗೆ ಹಾಕಿ ನಿಯಂತ್ರಿಸುತ್ತೇವೆ ಎನ್ನುವ ಶಾಸಕರು ದರ ಎಷ್ಟು, ಯಾವ ಮೊತ್ತದ ಮೇಲೆ ಎಂಬುದನ್ನು ಮೊದಲು ಹೇಳಬೇಕು. ಅದನ್ನು ಹೇಳದ ನಿಯಂತ್ರಣಕ್ಕೆ ಅರ್ಥವಿಲ್ಲ.

ನಿಷೇಧದ ಪರ ಇರುವವರ ಕಾಳಜಿ ಸುಳ್ಳಲ್ಲ. 45 ಕೋಟಿ ಜನ ವರ್ಷಕ್ಕೆ ಸುಮಾರು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆ ಎಂಬುದು ಕೇಂದ್ರ ಸರ್ಕಾರವೇ ಕೊಟ್ಟ ಅಂದಾಜು. 2025ರ ಕೇಂದ್ರ ಕಾಯ್ದೆಯಲ್ಲಿ ಹಣದ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ; ಜಾಹೀರಾತು ಕೊಡುವವರಿಗೆ 2 ವರ್ಷ, 50 ಲಕ್ಷ; ಹಣ ವರ್ಗಾವಣೆಗೆ ನೆರವಾಗುವ ಬ್ಯಾಂಕಿಗೂ ಶಿಕ್ಷೆ. ಆಡುವವನಿಗೆ ಶಿಕ್ಷೆ ಇಲ್ಲ. ಟಿ.ವಿ. ತೆರೆದರೆ ರಮ್ಮಿ, ಕ್ರಿಕೆಟ್ ಪಂದ್ಯ ನೋಡಿದರೆ ತಂಡ ಕಟ್ಟಿ ಗೆಲ್ಲಿ ಎನ್ನುತ್ತಿದ್ದ ಕಾಲಕ್ಕೆ ಹೋಲಿಸಿದರೆ ಇದು ದೊಡ್ಡ ಹೆಜ್ಜೆಯೇ.

ಆದರೆ ಊರಿನಲ್ಲಿ ನಡೆಯುವ ದಂಧೆ ಈ ಕಾಯ್ದೆಯ ಕಣ್ಣಿಗೆ ಸುಲಭವಾಗಿ ಬೀಳುವಂಥದ್ದಲ್ಲ. ಅಲ್ಲಿ ಆ್ಯಪ್ ಬೇಕಿಲ್ಲ. ವಾಟ್ಸ್‌ಆ್ಯಪ್‌ನಲ್ಲೋ ಟೆಲಿಗ್ರಾಂನಲ್ಲೋ ಏಜೆಂಟ್ ಬೆಟ್ಟಿಂಗ್ ಜಾಲತಾಣದ ಒಂದು ಐಡಿ, ಪಾಸ್‌ವರ್ಡ್ ಕೊಡುತ್ತಾನೆ. ಹಣ ಹಾಕಲು ಒಂದು ಯುಪಿಐ ನಂಬರ್ ಕಳುಹಿಸುತ್ತಾನೆ. ಆ ನಂಬರ್ ಆಗಾಗ ಬದಲಾಗುತ್ತದೆ. ಅದು ಕೂಲಿಕಾರರದ್ದೋ ಕಾಲೇಜು ಹುಡುಗರದ್ದೋ ಹೆಸರಿನ ಉಳಿತಾಯ ಖಾತೆ. ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಮೂರನ್ನೂ ಕಮಿಷನ್ ಆಸೆಗೆ ಒಪ್ಪಿಸಿದವರು ಅವರು. ಅಲ್ಲಿಂದ ಹಣ ನಾಲ್ಕಾರು ಖಾತೆ ಹಾದು ನಗದಾಗಿಯೋ ಕ್ರಿಪ್ಟೊ ಆಗಿಯೋ ಹೊರಹೋಗುತ್ತದೆ. ಜೂಜಿನ ವ್ಯಾಪಾರಿಗಳಿಗೆ ಕಾರ್ಡ್ ಕಂಪನಿಗಳು 7995 ಎಂಬ ಸಂಕೇತ ಕೊಟ್ಟಿವೆ. ಬ್ಯಾಂಕ್ ಅದನ್ನು ತಡೆಯಬಲ್ಲದು. ಒಬ್ಬ ವ್ಯಕ್ತಿಯಿಂದ ಇನ್ನೊಬ್ಬ ವ್ಯಕ್ತಿಗೆ ಹೋಗುವ ಯುಪಿಐ ಹಣಕ್ಕೆ ಅಂಥ ಸಂಕೇತವೇ ಇಲ್ಲ. ಜಾಲತಾಣ ಮುಚ್ಚಿಸಿದರೆ ಹೆಸರಿನಲ್ಲಿ ಒಂದಕ್ಷರ ಬದಲಿಸಿಕೊಂಡು ಮತ್ತೆ ತೆರೆಯುತ್ತದೆ. ಹಾಗಾಗಿ ಹಿಡಿಯಬೇಕಾದದ್ದು ಖಾತೆ ಸಂಗ್ರಹಿಸುವವನನ್ನು, ಐಡಿ ಹಂಚುವವನನ್ನು. ಇದು ಠಾಣೆಯ ಕೆಲಸ, ಅಂದರೆ ರಾಜ್ಯದ ಕೆಲಸ.

ಠಾಣೆಯಲ್ಲಿ ಏನು ಕೆಡುತ್ತದೆ? ಪೊಲೀಸ್ ಕಾಯ್ದೆಯ 78ನೇ ಕಲಮಿನ ಮಟ್ಕಾ, ಬೆಟ್ಟಿಂಗ್ ಅಪರಾಧಗಳು 2021ಕ್ಕೆ ಮೊದಲು ಅಸಂಜ್ಞೇಯ, ಅಂದರೆ ಪೊಲೀಸರು ತಾವಾಗಿಯೇ ತನಿಖೆ ಮಾಡುವಂತಿರಲಿಲ್ಲ. ತನಿಖೆಗೆ ಮ್ಯಾಜಿಸ್ಟ್ರೇಟರ ಅನುಮತಿ ಬೇಕಿತ್ತು. ಮನವಿ ಪತ್ರದ ಮೂಲೆಯಲ್ಲಿ ‘ಪರ್ಮಿಟೆಡ್’ ಎಂದು ಬರೆದು ಸಹಿ ಹಾಕಿದ್ದನ್ನೇ ಆದೇಶ ಎಂದುಕೊಂಡು ಪೊಲೀಸರು ಮುಂದುವರಿಯುತ್ತಿದ್ದರು. ಮನಸ್ಸಿಟ್ಟು ಪರಿಶೀಲಿಸಿದ ಆದೇಶ ಇದಲ್ಲ ಎಂದು ಹೈಕೋರ್ಟ್ ಪ್ರಕರಣಗಳನ್ನು ರದ್ದು ಮಾಡುತ್ತಿತ್ತು. ದಾಳಿಗೆ ಮೊದಲೇ ಅನುಮತಿ ಪಡೆಯದೆ ಕೆಟ್ಟ ಪ್ರಕರಣಗಳೂ ಇವೆ. ಇದನ್ನು ಸರಿಪಡಿಸುವ ಉದ್ದೇಶವೂ 2021ರ ತಿದ್ದುಪಡಿಗೆ ಇತ್ತು. ಆದರೆ ಕೌಶಲದ ಆಟವನ್ನೂ ಅದೇ ಮಸೂದೆಯೊಳಗೆ ತುರುಕಿದ್ದರಿಂದ ಜಗಳವೆಲ್ಲ ಅದರ ಸುತ್ತ ನಡೆಯಿತು. ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿದೆ. ಅದನ್ನು ಬಲ್ಲವರಿಗೆ 2022ರ ಹೈಕೋರ್ಟ್ ತೀರ್ಪು ಅನಿರೀಕ್ಷಿತವಾಗಿರಲಿಲ್ಲ. ಸಂವಿಧಾನಕ್ಕೆ ಹೊಂದುವ ಹೊಸ ಕಾನೂನು ತರಲು ಅಡ್ಡಿಯಿಲ್ಲ ಎಂದೂ ಹೈಕೋರ್ಟ್ ಅದೇ ತೀರ್ಪಿನಲ್ಲಿ ಬರೆದಿದೆ.

ಕೇಂದ್ರ ಕಾಯ್ದೆಯ ವಿರುದ್ಧದ ಅರ್ಜಿಗಳನ್ನು, ನಮ್ಮ ಹೈಕೋರ್ಟಿನದ್ದನ್ನೂ ಸೇರಿಸಿ, ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 8ರಂದು ತನಗೇ ವರ್ಗಾಯಿಸಿಕೊಂಡಿತು. ಬಾಜಿ ಮತ್ತು ಜೂಜು ಏಳನೇ ಅನುಸೂಚಿಯ ರಾಜ್ಯ ಪಟ್ಟಿಯ 34ನೇ ವಿಷಯವಾಗಿರುವಾಗ ಸಂಸತ್ತಿಗೆ ಈ ಅಧಿಕಾರ ಇದೆಯೇ ಎಂಬುದು ಅಲ್ಲಿನ ದೊಡ್ಡ ಪ್ರಶ್ನೆ. ಉತ್ತರ ಏನೇ ಇರಲಿ, ರಾಜ್ಯಕ್ಕೆ ಕೆಲಸವಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 112ನೇ ಕಲಮು, ಗುಂಪಾಗಿ ನಡೆಸುವ ಅನಧಿಕೃತ ಬೆಟ್ಟಿಂಗ್ ಮತ್ತು ಜೂಜಿಗೆ 1ರಿಂದ 7 ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ಏಜೆಂಟ್ ಜಾಲಕ್ಕೆ ಇದು ಸರಿಯಾಗಿ ಹೊಂದುತ್ತದೆ. ಇದನ್ನು ಬಳಸಿ ಎಂದು ಗೃಹ ಇಲಾಖೆ ಸೈಬರ್ ಅಪರಾಧ ಠಾಣೆಗಳಿಗೆ ಸ್ಪಷ್ಟ ಸೂಚನೆ ಕೊಡಲು ಹೊಸ ಕಾಯ್ದೆ ಬೇಕಿಲ್ಲ.

ರಾಜ್ಯ ತನ್ನದೇ ಮಸೂದೆ ತರುವುದಾದರೆ ಕೌಶಲದ ಆಟದ ವ್ಯಾಖ್ಯಾನವನ್ನು ಒಂದು ಅಧ್ಯಾಯವಾಗಿಯೂ, ತನಿಖೆ ಮತ್ತು ಖಾತೆಗಳ ವಿಷಯವನ್ನು ಇನ್ನೊಂದಾಗಿಯೂ ಬರೆಯಲಿ. ಮೊದಲನೆಯದು ಬಿದ್ದರೂ ಎರಡನೆಯದು ಉಳಿಯಬೇಕು. ಬೇರೆಯವರ ಖಾತೆ ಬಾಡಿಗೆಗೆ ಪಡೆಯುವುದು ಸ್ವತಂತ್ರ ಅಪರಾಧವಾಗಬೇಕು. ಖಾತೆ ಸ್ಥಗಿತಗೊಳಿಸುವಾಗ ಅನುಮಾನದ ಮೊತ್ತವನ್ನಷ್ಟೇ ತಡೆಹಿಡಿಯುವ ನಿಯಮ ಇರಬೇಕು. ಗಿರಾಕಿಯೊಬ್ಬ ಹಾಕಿದ ಕೆಲವು ನೂರು ರೂಪಾಯಿಗಾಗಿ ಕಿರಾಣಿ ಅಂಗಡಿಯವರ ಇಡೀ ಖಾತೆ ಬಂದ್ ಆಗುವುದು ಅನ್ಯಾಯ. ಹಣ ಕಳೆದುಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲು ಹೆದರುವುದು ತಮ್ಮ ಮೇಲೇ ಕೇಸು ಬಿದ್ದೀತೆಂದು. ಕೇಂದ್ರ ಕಾಯ್ದೆ ಅವರನ್ನು ಶಿಕ್ಷಿಸುವುದಿಲ್ಲ. ಆದರೆ ರಾಜ್ಯದ ಪೊಲೀಸ್ ಕಾಯ್ದೆಯ 80ನೇ ಕಲಮು ಜೂಜು ಅಡ್ಡೆಯಲ್ಲಿ ಸಿಕ್ಕವರನ್ನು ಶಿಕ್ಷಿಸುತ್ತದೆ. ದೂರು ಕೊಟ್ಟ ಆಟಗಾರನಿಗೆ ರಕ್ಷಣೆ ಇದೆ ಎಂದು ಮಸೂದೆಯಲ್ಲೇ ಬರೆದರೆ ಆ ಭಯ ಹೋಗುತ್ತದೆ. ಲೈಸೆನ್ಸ್ ಕೊಡುವ ದಾರಿಯೇ ಆದರೆ ತಮಿಳುನಾಡಿನಂತೆ ಆಧಾರ್ ಪರಿಶೀಲನೆ, ರಾತ್ರಿ 12ರಿಂದ ಬೆಳಿಗ್ಗೆ 5ರವರೆಗೆ ಆಟ ಬಂದ್ ಎಂಬ ನಿಯಮ ಕನಿಷ್ಠ ಇರಲಿ. ಆ ನಿಯಮಗಳನ್ನು ಮದ್ರಾಸ್ ಹೈಕೋರ್ಟ್ 2025ರ ಜೂನ್‌ನಲ್ಲಿ ಎತ್ತಿಹಿಡಿದಿದೆ.

ಇನ್ನೊಂದು ಮಾತು ಶಾಸಕರಿಗೇ ಸಂಬಂಧಿಸಿದ್ದು. 2025ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕಾಂಗ್ರೆಸ್ ಶಾಸಕ ಕೆ.ಸಿ. ವೀರೇಂದ್ರ ಅವರನ್ನು ಆನ್‌ಲೈನ್ ಬೆಟ್ಟಿಂಗ್ ಆರೋಪದ ಪ್ರಕರಣದಲ್ಲಿ ಜಾರಿ ನಿರ್ದೇಶನಾಲಯ ಬಂಧಿಸಿತು. ಆರೋಪ ನಿಜವೇ ಎಂಬುದನ್ನು ನ್ಯಾಯಾಲಯ ಹೇಳಬೇಕು, ನಾವಲ್ಲ. ಆದರೆ ಗೇಮಿಂಗ್, ಕ್ಯಾಸಿನೊ, ರೇಸ್ ವ್ಯವಹಾರಗಳಲ್ಲಿ ಯಾವ ಸದಸ್ಯರಿಗೆ ಪಾಲಿದೆ ಎಂಬುದು ಮಸೂದೆ ಮತಕ್ಕೆ ಬರುವ ಮುನ್ನ ಸದನಕ್ಕೆ ಗೊತ್ತಿರಬೇಕು. ರಾಜ್ಯಸಭೆಯಲ್ಲಿ ಸದಸ್ಯರ ಹಿತಾಸಕ್ತಿ ದಾಖಲಿಸುವ ಪುಸ್ತಕವಿದೆ. ಈ ಮಸೂದೆಯ ಮಟ್ಟಿಗಾದರೂ ವಿಧಾನಸಭಾಧ್ಯಕ್ಷರು ಅಂಥ ಘೋಷಣೆ ಪಡೆಯಲಿ, ಜಂಟಿ ಸಮಿತಿಗೆ ಒಪ್ಪಿಸಲಿ, ಧ್ವನಿಮತದ ಬದಲು ಹೆಸರು ಹಿಡಿದು ಮತ ದಾಖಲಿಸಲಿ.

ಇಂತಿ,
ಒಬ್ಬ ವಕೀಲ, ದಾವಣಗೆರೆ